ಶೇಂಗಾ ಸೀಮೆಯ ಕೂಸಿನ ಬಟ್ಟಲು

ಚಳ್ಳಕೆರೆ ಅಂದ್ರೆ ಎಣ್ಣೆ ಮಿಲ್ಲುಗಳ ಊರು. ಮೊಳಕಾಲ್ಮೂರಿಗೆ ಹೆಸರು ತಂದಿದ್ದು ರೇಷ್ಮೆ ಸೀರೆ, ಆದ್ರೆ ಊರಾಚೆ ಹೊಲದಲ್ಲಿ ಅಲ್ಲೂ ಶೇಂಗಾನೇ. ಈ ಸೀಮೆ ಅಂದ ಕೂಡಲೇ ಎಲ್ಲರೂ ಬರಗಾಲದ ಮಾತೆತ್ತುತ್ತಾರೆ. ನಾನಿವತ್ತು ಎಂಟು ತಿಂಗಳ ಕೂಸಿನ ಬಟ್ಟಲಿನ ಮಾತಾಡ್ತೀನಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಇಲ್ಲ. ಈ ಹಿನ್ನಡೆ ಬಹಳಷ್ಟು ಆಗೋದು ಎರಡು ವರ್ಷ ತುಂಬೋದರೊಳಗೆ. ಅಂಗನವಾಡಿ ಬಿಸಿಯೂಟ ಶುರುವಾಗೋದು ಮೂರು ತುಂಬಿದ ಮೇಲೆ! ಅಲ್ಲೀವರೆಗೆ ಅಂಗನವಾಡಿಯಿಂದ ಮನೆಗೆ ಬರೋ ಆಹಾರದ ಪೊಟ್ಟಣ ಎಷ್ಟೋ ಕಡೆ ಮನೆಮಂದಿಗೆಲ್ಲ ಹಂಚಿಹೋಗುತ್ತೆ.

ಆರು ತಿಂಗಳವರೆಗೆ ಎದೆಹಾಲೇ ಸಾಕು. ಆಮೇಲೆ ಮೇಲೂಟ ಅಂತ ಕೊಡೋದು ನೀರಾದ ರಾಗಿ ಗಂಜಿ, ಸಾರಿನ ತಿಳೀಲಿ ಕಿವುಚಿದ ಅನ್ನ. "ಗಟ್ಟಿ ಕೊಟ್ರೆ ಅರಗಲ್ಲ ಕಣವ್ವ" ಅಂತಾಳೆ ಅಜ್ಜಿ. ನುಣ್ಣಗಿರಬೇಕು, ನಿಜ. ನೀರಾಗಿರಬೇಕಿಲ್ಲ.

ಲೆಕ್ಕ ಹಾಕೋಣ. ಕೂಸಿನ ಹೊಟ್ಟೆ ಒಂದು ಕಿಲೋ ತೂಕಕ್ಕೆ ಸುಮಾರು 30 ಮಿಲಿ ಹಿಡಿಯುತ್ತೆ. ಏಳು ಕಿಲೋ ಕೂಸಿಗೆ 210. ಅಷ್ಟಕ್ಕೂ ನೀರೇ ತುಂಬಿದ್ರೆ ಕೂಸು ಸುಮ್ಮನೆ ಮಲಗುತ್ತೆ, ಮೈ ಮಾತ್ರ ಹಿಡಿಯಲ್ಲ. ಈ ವಯಸ್ಸಿಗೆ ಎದೆಹಾಲಿನ ಜೊತೆ, ಊಟದಿಂದಲೇ ದಿನಕ್ಕೆ ಸುಮಾರು 200 ಕ್ಯಾಲರಿ ಬೇಕು. ಒಂದು ಟೀ ಚಮಚ ಶೇಂಗಾ ಎಣ್ಣೆಲೇ 45 ಇದೆ.

ಎಣ್ಣೆ ಬರೀ ಶಕ್ತಿ ಕೊಡುತ್ತೆ. ಹುರಿದ ಶೇಂಗಾ ನುಣ್ಣಗೆ ಪುಡಿ ಮಾಡಿ ಬೆರೆಸಿದ್ರೆ ಪ್ರೋಟೀನೂ ಬಂತು. ಮೊದಲ ಸಲ ಚೂರೇ ಚೂರು ಕೊಟ್ಟು ನೋಡಿ. ರಾಗೀನ ಮೊಳಕೆ ಕಟ್ಟಿ, ಒಣಗಿಸಿ ಬೀಸಿದ್ರೆ ಇನ್ನೂ ಒಳ್ಳೇದು: ಮೊಳಕೇಲಿ ಪಿಷ್ಟ ಒಡೆಯೋದ್ರಿಂದ, ಹಿಟ್ಟು ಜಾಸ್ತಿ ಹಾಕಿದ್ರೂ ಗಂಟಲಿಗೆ ಅಂಟಲ್ಲ. ಅಜ್ಜಿಗೂ ಸಮಾಧಾನ.

ಇಡೀ ಕಾಳು ಮಾತ್ರ ಕೊಡಬೇಡಿ, ಗಂಟಲಿಗೆ ಸಿಕ್ಕಿದ್ರೆ ಉಸಿರು ಕಟ್ಟುತ್ತೆ. ಬೂಷ್ಟು ಹಿಡಿದ, ಸುಕ್ಕಾದ ಕಾಳು ಬಿಸಾಕಿ. ಮಳೆ ಕೈಕೊಟ್ಟ ವರ್ಷ ಶೇಂಗಾದಲ್ಲಿ ಅಫ್ಲಟಾಕ್ಸಿನ್ ಅನ್ನೋ ಬೂಷ್ಟಿನ ವಿಷ ಹೆಚ್ಚು, ಹುರಿದ್ರೂ ಪೂರ್ತಿ ಹೋಗಲ್ಲ. ಒಳ್ಳೇ ಕಾಳು ಮಾರ್ಕೆಟ್ಟಿಗೆ, ಜಳ್ಳು ಮನೆಗೆ ಅನ್ನೋ ಲೆಕ್ಕ ಕೂಸಿನ ವಿಷಯದಲ್ಲಿ ಬೇಡ.

ಶೇಂಗಾದಿಂದ ಪೌಷ್ಟಿಕ ಆಹಾರ ಮಾಡೋದೇನೂ ಹೊಸದಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರ ದಶಕದಲ್ಲೇ ಮುಕ್ಕಾಲು ಪಾಲು ಶೇಂಗಾ ಹಿಟ್ಟಿಗೆ ಕಾಲು ಪಾಲು ಕಡಲೆ ಹಿಟ್ಟು ಸೇರಿಸಿ ಪೌಷ್ಟಿಕ ಆಹಾರ ತಯಾರಿಸಿತ್ತು. ಆಫ್ರಿಕಾದಲ್ಲಿ ಸೊರಗಿದ ಮಕ್ಕಳಿಗೆ ಕೊಡೋ ಪ್ಲಂಪಿನಟ್ ಪೊಟ್ಟಣ, ಅದು ಫ್ರಾನ್ಸಿನವರು 1996ರಲ್ಲಿ ಮಾಡಿದ್ದು, ಅದರಲ್ಲೂ ಶೇಂಗಾನೇ ಮುಖ್ಯ.

ಹಾಗಂತ ತೀರಾ ಸೊರಗಿದ ಕೂಸಿಗೆ ಮನೇಲೇ ಮದ್ದು ಮಾಡ್ತಾ ಕೂರಬೇಡಿ. ಅಂಗನವಾಡಿ ಟೀಚರ್ ಹತ್ರ ತೋಳಿಗೆ ಸುತ್ತೋ ಬಣ್ಣದ ಪಟ್ಟಿ ಇರುತ್ತೆ. 11.5 ಸೆಂಟಿಮೀಟರ್‌ಗಿಂತ ಕಡಿಮೆ ಅಂದ್ರೆ ಕೆಂಪು. ಎರಡೂ ಪಾದ ಊದಿ, ಒತ್ತಿದ್ರೆ ಗುಳಿ ಬೀಳ್ತಿದ್ರೂ ಅಷ್ಟೇ ಅಪಾಯ. ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸುಮಾರು ಹದಿನಾಲ್ಕು ದಿನ ಇರಬೇಕಾಗಬಹುದು. ಶೇಂಗಾ ಕೀಳೋ ಸುಗ್ಗೀಲಿ ಕೂಲಿ ಬಿಟ್ಟು ಹೆಂಗಪ್ಪ ಅಂತ ತಾಯಂದಿರು ಹಿಂದೆ ಸರಿಯೋದು ಇಲ್ಲೇ. ಕೂಸಿನ ಜೊತೆ ಉಳಿಯೋ ತಾಯಿಗೆ ಊಟ, ಕೂಲಿ ನಷ್ಟಕ್ಕೆ ಒಂದಿಷ್ಟು ದುಡ್ಡು ಕೊಡೋ ನಿಯಮ ಇದೆ. ದಾಖಲು ಮಾಡೋವಾಗಲೇ ಕೇಳಿ.