‘ಫೆಲ್ಟ್ ಔಸ್’ ಅಂದ್ರೆ ರೈಲು ಬರೋದಿಲ್ಲ: ಫುಟ್‌ಬಾಲ್ ವರದಿ ಓದಿ ಜರ್ಮನ್ ಕಲಿತ ಕಥೆ

ನಾನು ಮಂಗಳೂರಿನವಳು, ನರ್ಸ್. ಈಗ ಜರ್ಮನಿಯ ಡಾರ್ಟ್‌ಮುಂಡ್‌ನ ಒಂದು ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಕೆಲಸ ಮಾಡ್ತಿದ್ದೇನೆ. ಪರಭಾಷೆಯ ಪದಗಳು ತಲೆಯಲ್ಲಿ ನಿಲ್ಲೋದು ಹೇಗೆ? ಇವತ್ತು ಅದರ ಬಗ್ಗೆ ಮಾತು.

ಮೊದಲು ಸೋತ ಕಥೆ ಹೇಳಿಬಿಡ್ತೇನೆ.

ಇಲ್ಲಿ ನರ್ಸ್ ಆಗಿ ಮಾನ್ಯತೆ ಸಿಗಬೇಕಾದ್ರೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಊರಲ್ಲಿ ಡ್ಯೂಟಿ ಮುಗಿಸಿ ಬಂದು ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಓದ್ತಿದ್ದೆ. ದಿನಕ್ಕೆ 40 ಪದ. ಎಡಗಡೆ ಜರ್ಮನ್, ಬಲಗಡೆ ಇಂಗ್ಲಿಷ್. ನೋಟ್‌ಬುಕ್ ತುಂಬಿತು, ತಲೆ ತುಂಬಲಿಲ್ಲ. ಪರೀಕ್ಷೆಯ ಓದುವ ವಿಭಾಗದಲ್ಲಿ 100ಕ್ಕೆ 60 ಬರಬೇಕಿತ್ತು, ನನಗೆ ಬಂದದ್ದು 48. ಕೋರ್ಸಿಗೆ ಅಂತ ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದಿದ್ದರು. ರಿಸಲ್ಟ್ ನೋಡಿದ ಮೇಲೆ ಮನೆಯಲ್ಲಿ ಯಾರೂ ಬೈಯಲಿಲ್ಲ. ಅದೇ ಹೆಚ್ಚು ನೋವು ಕೊಟ್ಟಿತು.

ಮತ್ತೆ ಅದೇ ಪಟ್ಟಿ ಹಿಡಿದು ಕೂತೆ. ಒಂದು ರಾತ್ರಿ ಅಪ್ಪ ಬಂದು ಹೇಳಿದ್ರು: “ನೀನು ಓದುದು ನೋಡಿದ್ರೆ ನನಗೇ ನಿದ್ದೆ ಬರ್ತದೆ ಮಾರಾಯ್ತಿ. ಅದು ಬಿಡು. ನಿನ್ನೆ ಜರ್ಮನಿಯ ಮ್ಯಾಚ್ ಎಂಥ ಆಯ್ತು, ಹೇಳು.”

ನಮ್ಮ ಮನೆಯಲ್ಲಿ ಫುಟ್‌ಬಾಲ್ ಹುಚ್ಚು ಇದೆ. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ನೆಹರೂ ಮೈದಾನಕ್ಕೆ ಕರ್ಕೊಂಡು ಹೋಗಿ, ಕಡಲೆ ಪೊಟ್ಟಣ ಕೈಗೆ ಕೊಟ್ಟು ಮ್ಯಾಚ್ ತೋರಿಸ್ತಿದ್ರು. ಆ ರಾತ್ರಿ ಅವರಿಗೆ ಉತ್ತರ ಕೊಡೋದಕ್ಕೆ ಮೊಬೈಲಲ್ಲಿ ‘ಕಿಕರ್’ ತೆಗೆದೆ. ಅದು 1920ರಲ್ಲಿ ಶುರುವಾದ ಜರ್ಮನ್ ಕ್ರೀಡಾಪತ್ರಿಕೆ. ವರದಿಯಲ್ಲಿ ಅರ್ಧ ಅರ್ಥ ಆಗಲಿಲ್ಲ. ಆದರೆ ಯಾರು ಗೆದ್ದರು, ಪೆನಾಲ್ಟಿ ಯಾಕೆ ಸಿಕ್ಕಿತು, ಯಾರಿಗೆ ಗಾಯ ಆಯಿತು, ಇಷ್ಟನ್ನು ತಿಳಿಯದೆ ಫೋನ್ ಇಡೋದಕ್ಕೆ ಮನಸ್ಸಾಗಲಿಲ್ಲ. ಜರ್ಮನ್ ಓದುವಾಗ ಮುಂದೇನು ಅನ್ನೋ ಕುತೂಹಲ ನನಗೆ ಹುಟ್ಟಿದ್ದು ಅದೇ ಮೊದಲ ಸಲ.

ಹೆರ್ಮಾನ್ ಎಬಿಂಗ್‌ಹೌಸ್ ಅನ್ನೋ ಜರ್ಮನ್ ವಿಜ್ಞಾನಿ ಅರ್ಥವೇ ಇಲ್ಲದ ಅಕ್ಷರಗಳ ಗುಂಪನ್ನು ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆತುಹೋಗ್ತದೆ ಅಂತ ತನ್ನ ಮೇಲೇ ಪ್ರಯೋಗ ಮಾಡಿದ್ದರು. 1885ರಲ್ಲಿ ಅದನ್ನು ಪ್ರಕಟಿಸಿದರು. ಒಂದು ದಿನ ಕಳೆಯುವಷ್ಟರಲ್ಲಿ ಹೆಚ್ಚಿನ ಪಾಲು ಹೋಗಿರ್ತಿತ್ತು. ನನ್ನ 40 ಪದಗಳ ಪಟ್ಟಿಯೂ ಹೆಚ್ಚುಕಮ್ಮಿ ಅಂಥದ್ದೇ. ಹಿಂದೆ ಮುಂದೆ ಏನೂ ಇಲ್ಲದ, ಒಂಟಿ ಪದಗಳು.

ಫುಟ್‌ಬಾಲ್ ವರದಿಯಲ್ಲಿ ಹಾಗಲ್ಲ. ಒಂದೇ ವಿಷಯ ಓದ್ತಾ ಹೋದರೆ ಅದೇ ಪದಗಳು ತಿರುಗಿ ತಿರುಗಿ ಬರ್ತವೆ. ‘ಎಲ್ಫ್‌ಮೀಟರ್’ ಅಂದರೆ ಹನ್ನೊಂದು ಮೀಟರ್, ಅಂದರೆ ಪೆನಾಲ್ಟಿ. ಗೋಲಿನಿಂದ ಅಷ್ಟು ದೂರದಿಂದ ತಾನೇ ಒದೆಯೋದು! ‘ಫೆರ್ಲೆಟ್ಸುಂಗ್’ ಅಂದರೆ ಗಾಯ. ‘ಕ್ರೊಯ್ತ್ಸ್‌ಬಾಂಡ್‌ರಿಸ್’ ನೋಡಿ ಮೊದಲು ಹೆದರಿದ್ದೆ. ಬಿಡಿಸಿದರೆ ಮೂರೇ ತುಂಡು. ‘ಕ್ರೊಯ್ತ್ಸ್’ ಅಂದರೆ ಶಿಲುಬೆ, ‘ಬಾಂಡ್’ ಅಂದರೆ ಪಟ್ಟಿ, ‘ರಿಸ್’ ಅಂದರೆ ಹರಿದದ್ದು. ಮೊಣಕಾಲಿನೊಳಗೆ ಅಡ್ಡಡ್ಡ ಹಾದುಹೋಗುವ ಲಿಗಮೆಂಟ್ ಹರಿಯೋದು. ನರ್ಸಿಂಗ್ ಓದಿದ ನನಗೆ ಆಮೇಲೆ ಅದು ಮರೆಯಲೇ ಇಲ್ಲ.

ಓದುವ ಕ್ರಮವನ್ನೂ ನಿಧಾನಕ್ಕೆ ಬದಲಿಸಿಕೊಂಡೆ. ಮೊದಲ ಸಲ ಡಿಕ್ಷನರಿ ಮುಟ್ಟದೆ ಪೂರ್ತಿ ಓದೋದು. ಎರಡನೇ ಸಲ, ಯಾವ ಪದ ಗೊತ್ತಿಲ್ಲದಿದ್ದರೆ ಕಥೆಯೇ ಗೊತ್ತಾಗೋದಿಲ್ಲವೋ ಅದನ್ನು ಮಾತ್ರ ಹುಡುಕೋದು. ದಿನಕ್ಕೆ ಐದಾರು ಸಾಕು. ನೋಟ್‌ಬುಕ್ಕಲ್ಲಿ ಪದವನ್ನಷ್ಟೇ ಅಲ್ಲ, ಅದು ಬಂದ ವಾಕ್ಯವನ್ನು ಪೂರ್ತಿ ಬರೆಯೋದು. ಕೊನೆಗೆ ಓದಿದ್ದನ್ನು ಅಪ್ಪನಿಗೆ ನಮ್ಮ ಭಾಷೆಯಲ್ಲಿ ಹೇಳೋದು. ನಾನು ತಡವರಿಸಿದ ಕಡೆ “ಅಲ್ಲ, ಅವನನ್ನು ಯಾಕೆ ಹೊರಗೆ ಕರೆದ್ರು?” ಅಂತ ಅಪ್ಪ ಕೇಳ್ತಿದ್ರು. ಅದೇ ನನ್ನ ಟೆಸ್ಟ್.

ಇಲ್ಲೊಂದು ಎಚ್ಚರಿಕೆ. ಇಷ್ಟದ ವಿಷಯ ಅಂತ ತೀರಾ ಕಷ್ಟದ್ದನ್ನು ಹಿಡಿದರೆ ಮೂರನೇ ದಿನಕ್ಕೆ ಬಿಟ್ಟುಬಿಡ್ತೀರಿ. ನ್ಯೂಜಿಲೆಂಡಿನ ಭಾಷಾಶಾಸ್ತ್ರಜ್ಞ ಪಾಲ್ ನೇಷನ್ ಮತ್ತು ಸಹಸಂಶೋಧಕಿಯೊಬ್ಬರು 2000ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರ ಸಹಾಯವೂ ಇಲ್ಲದೆ ಓದಿ ಅರ್ಥ ಮಾಡ್ಕೊಳ್ಳೋದಕ್ಕೆ ಶೇ 98ರಷ್ಟು ಪದಗಳು ಗೊತ್ತಿರಬೇಕು. ಅಂದರೆ ನೂರಕ್ಕೆ ಎರಡು ಮಾತ್ರ ಹೊಸದು. ಕಲಿಯುವವರಿಗೆ ಅಷ್ಟು ಸುಲಭದ ಬರಹ ಸಿಗೋದು ಕಷ್ಟ. ಆದರೆ ಮ್ಯಾಚ್ ಮೊದಲೇ ನೋಡಿದ್ದರೆ ಊಹೆ ಮಾಡೋದಕ್ಕೆ ದಾರಿ ಇರ್ತದೆ. ಅದೂ ಆಗದಿದ್ದರೆ ಡಾಯ್ಚ ವೆಲೆಯಲ್ಲಿ ನಿಧಾನವಾಗಿ ಓದುವ ಸುದ್ದಿ ಇದೆ, ಆಡಿಯೋ ಮತ್ತು ಪಠ್ಯ ಎರಡೂ ಉಚಿತ. ಅಲ್ಲಿಂದ ಶುರು ಮಾಡಿ.

ನಮ್ಮ ಊರಲ್ಲೇ ಇದರ ಉಲ್ಟಾ ಕಥೆ ಇದೆ. 1853ರಲ್ಲಿ ಫರ್ಡಿನಾಂಡ್ ಕಿಟೆಲ್ ಎಂಬ ಜರ್ಮನ್ ಮಿಷನರಿ ಭಾರತಕ್ಕೆ ಬಂದು ಕನ್ನಡ ಕಲಿತರು. ಹಳಗನ್ನಡದ ಕೃತಿಗಳನ್ನು ಓದಿದರು, ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿದರು, ಗಾದೆಗಳನ್ನು ಒಟ್ಟುಮಾಡಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಎಷ್ಟೋ ಪದಗಳ ಪಕ್ಕದಲ್ಲೇ ಅವು ಬರುವ ಗಾದೆಯೂ ಇದೆ. ಪದವನ್ನು ಅದು ಬದುಕುವ ಜಾಗದಲ್ಲೇ ಹಿಡಿದಿಟ್ಟಿದ್ದಾರೆ ಅನ್ನಿಸ್ತದೆ ನನಗೆ.

ಎರಡನೇ ಸಲ ಆ ಒಂದು ವಿಭಾಗ ಮಾತ್ರ ಬರೆದೆ. 76 ಬಂತು.

ಇಲ್ಲಿಗೆ ಬಂದ ಎರಡನೇ ವಾರ. ಬೆಳಗಿನ ಪಾಳಿ, ಹೊರಗೆ ಕತ್ತಲೆ, ಕೊರೆಯುವ ಚಳಿ. ಸ್ಟೇಷನ್ ಬೋರ್ಡಲ್ಲಿ ನನ್ನ ರೈಲಿನ ಎದುರು ‘ಫೆಲ್ಟ್ ಔಸ್’ ಅಂತ ಬಂತು. ಇದನ್ನು ಯಾವ ಕ್ಲಾಸಲ್ಲಿ ಹೇಳಿಕೊಟ್ಟಿದ್ದರು ಅಂತ ನೆನಪಿಲ್ಲ. ಆದರೆ ಗಾಯಗೊಂಡ ಆಟಗಾರ ಮುಂದಿನ ಮ್ಯಾಚಿಗೆ ಇಲ್ಲ ಅನ್ನೋದಕ್ಕೆ ಕಿಕರ್‌ನಲ್ಲಿ ಇದನ್ನೇ ಬರೀತಿದ್ದರು. ಹಾಗಾದರೆ ಈ ರೈಲೂ ಇಲ್ಲ! ಓಡಿಹೋಗಿ ಬಸ್ ಹಿಡಿದೆ, ಡ್ಯೂಟಿಗೆ ಸರಿಯಾದ ಸಮಯಕ್ಕೆ ತಲುಪಿದೆ. ‘ಫೆರ್ಲೆಂಗರುಂಗ್’ ಕೂಡ ಹಾಗೇ. ಮೈದಾನದಲ್ಲಿ ಅದು ಎಕ್ಸ್‌ಟ್ರಾ ಟೈಮ್, ಸರ್ಕಾರಿ ಕಚೇರಿಯಲ್ಲಿ ವಾಸದ ಪರವಾನಗಿಯ ವಿಸ್ತರಣೆ.

ಫುಟ್‌ಬಾಲ್ ಎಲ್ಲವನ್ನೂ ಕಲಿಸಿತು ಅಂತ ಸುಳ್ಳು ಹೇಳೋದಿಲ್ಲ. ಮಲಗಿದಲ್ಲೇ ಇರುವ ರೋಗಿಗೆ ಬೆನ್ನಲ್ಲಿ ಆಗುವ ಹುಣ್ಣಿಗೆ ಇಲ್ಲಿ ‘ಡೆಕುಬಿಟುಸ್’ ಅಂತಾರೆ. ಅದು ಯಾವ ಮ್ಯಾಚ್ ವರದಿಯಲ್ಲೂ ಬರೋದಿಲ್ಲ. ಮೊದಲ ತಿಂಗಳು ರೋಗಿಗಳ ಫೈಲ್ ಓದೋದಕ್ಕೆ ಒದ್ದಾಡಿದೆ, ಎರಡು ಸಲ ಅತ್ತೆ. ಆಮೇಲೆ ಒಂದು ವಿಷಯ ಗಮನಿಸಿದೆ. ಮಾತಾಡಿಸಿ ಪರಿಚಯ ಆದ ರೋಗಿಯ ಫೈಲ್ ಬೇಗ ಅರ್ಥ ಆಗ್ತಿತ್ತು. ಆ ಅಜ್ಜನಿಗೆ ರಾತ್ರಿ ನಿದ್ದೆ ಬಂತಾ, ನೋವು ಕಮ್ಮಿ ಆಯ್ತಾ ಅಂತ ನನಗೆ ನಿಜವಾಗಿ ತಿಳಿಯಬೇಕಿತ್ತು. ಕೆಲಸದ ಓದಿಗೂ ಅದೇ ಕುತೂಹಲ ಬಂದಿತ್ತು.

ಹಾಗಾಗಿ ನೀವು ಕೊರಿಯನ್ ಕಲೀತಿರಲಿ, ಜಪಾನಿ ಕಲೀತಿರಲಿ, ಇವತ್ತು ಒಂದು ಕೆಲಸ ಮಾಡಿ. ಕನ್ನಡದಲ್ಲಿ ಸಿಕ್ಕಿದ್ದರೂ ನೀವು ಓದ್ತಿದ್ದ ಒಂದು ವಿಷಯ ಹುಡುಕಿ. ಅಡುಗೆಯೋ, ಬೈಕೋ, ಸಿನಿಮಾವೋ. ಒಂದು ತಿಂಗಳು ಅದನ್ನೇ ಓದಿ. ಓದಿದ್ದನ್ನು ಮನೆಯಲ್ಲಿ ಒಬ್ಬರಿಗೆ ಹೇಳಿ.

ನನಗೂ ಹೊರಡೋ ಹೊತ್ತಾಯ್ತು. ಇವತ್ತು ಶನಿವಾರ, ಮ್ಯಾಚ್ ಇದೆ. ಮುಗಿದ ಕೂಡಲೇ ಅಪ್ಪ ವಾಟ್ಸ್ಯಾಪ್ ಕಾಲ್ ಮಾಡ್ತಾರೆ, “ಎಂಥ ಆಯ್ತು?” ಅಂತ ಕೇಳೋದಕ್ಕೆ.