ಒಂಬತ್ತು ರಾಣಿಯರು, ಒಂದು ಚೆಕ್ಕು

ವಂಚಕರ ಕಥೆಗೆ ನಮ್ಮ ಸಾಹಿತ್ಯದಲ್ಲಿ ಹಳೆಯ ಮನ್ನಣೆಯುಂಟು. ಶೂದ್ರಕನ 'ಮೃಚ್ಛಕಟಿಕ'ದ ಶರ್ವಿಲಕನು ಗೋಡೆಗೆ ಕನ್ನ ಕೊರೆಯುವ ಮುನ್ನ ಕಂಡಿಯ ಆಕಾರ ಯಾವುದಿರಬೇಕೆಂದು ಶಾಸ್ತ್ರೋಕ್ತವಾಗಿ ಚಿಂತಿಸುತ್ತಾನೆ. ನಾವು ಅವನನ್ನು ಶಪಿಸುವುದಿಲ್ಲ, ನಗುತ್ತೇವೆ. ಅಂಥ ನಗೆಯನ್ನು ತರಿಸುತ್ತಲೇ ಗಂಟಲಲ್ಲಿ ತಡೆದುಬಿಡುವ ಚಲನಚಿತ್ರವೊಂದರ ವಿಚಾರವನ್ನು ಇಂದು ಹೇಳಬೇಕೆಂದಿದ್ದೇನೆ. ಅರ್ಜೆಂಟೀನಾದ ಫಾಬಿಯಾನ್ ಬಿಯೆಲಿನ್ಸ್ಕಿ 2000ದಲ್ಲಿ ನಿರ್ದೇಶಿಸಿದ 'ನುಯೇವೆ ರೇಯ್ನಾಸ್', ಎಂದರೆ 'ಒಂಬತ್ತು ರಾಣಿಯರು'. ಕಥೆಯ ಗುಟ್ಟನ್ನು ಬಿಚ್ಚದೆ ನನ್ನ ಮಾತು ಮುಂದುವರಿಯದು; ಶ್ರೋತೃಗಳು ಮನ್ನಿಸಬೇಕು.

ಸ್ಥಳ ಬ್ಯೂನಸ್ ಐರಿಸ್ ನಗರ. ಹ್ವಾನ್ ಎಂಬ ತರುಣ ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ತಪ್ಪಿಸಿ ಹಣ ಲಪಟಾಯಿಸಲು ಹೋಗಿ ಸಿಕ್ಕಿಬೀಳುತ್ತಾನೆ. ಪೋಲೀಸಿನವನಂತೆ ನಟಿಸಿ ಅವನನ್ನು ಅಲ್ಲಿಂದ ಕರೆದೊಯ್ಯುವವನು ಮಾರ್ಕೋಸ್, ಪಳಗಿದ ಠಕ್ಕ. ಈ ಪಾತ್ರದಲ್ಲಿ ರಿಕಾರ್ದೊ ದಾರಿನ್ ಎಂಬ ನಟನನ್ನು ನೋಡಿಯೇ ತಿಳಿಯಬೇಕು. ಮಾತನಾಡುವಾಗಲೂ ಆತನ ಕಣ್ಣು ಬೇರೆಲ್ಲೋ ಲೆಕ್ಕ ಹಾಕುತ್ತಿರುತ್ತದೆ. ಬೀದಿಯಲ್ಲಿ ನಿಂತು ಅವನು ಹ್ವಾನನಿಗೆ ಪಾಠ ಹೇಳುವ ಪ್ರಸಂಗ ಮರೆಯಲಾಗದ್ದು. ಸುತ್ತ ಸುಳಿದಾಡುವ ಜೇಬುಗಳ್ಳರು, ಪೆಟ್ಟಿಗೆಗಳ್ಳರು, ಬಗೆಬಗೆಯ ಮೋಸಗಾರರು, ಒಬ್ಬೊಬ್ಬರ ಕಸುಬಿಗೂ ಒಂದೊಂದು ಹೆಸರು. ನಿನಗೆ ಕಾಣುವುದಿಲ್ಲ, ಆದರೆ ಇದ್ದಾರೆ ಎನ್ನುತ್ತಾನೆ. ಆ ಕ್ಷಣದಿಂದ ತೆರೆಯ ಮೇಲಿನ ಯಾವ ದಾರಿಹೋಕನನ್ನೂ ನಾವು ನಂಬಲಾರೆವು.

'ಒಂಬತ್ತು ರಾಣಿಯರು' ಎಂದರೆ ಜರ್ಮನಿಯ ವೈಮಾರ್ ಗಣರಾಜ್ಯದ ಕಾಲದ ಅಪೂರ್ವ ಅಂಚೆಚೀಟಿಗಳ ಹಾಳೆ. ಅದರ ನಕಲನ್ನು ಸ್ಪೇನಿನ ಧನಿಕನೊಬ್ಬನಿಗೆ ಮಾರುವ ಹೂಟ. ವೈಮಾರ್ ಎಂಬ ಹೆಸರು ಸುಮ್ಮನೆ ಬಂದದ್ದೆಂದು ನನಗೆ ತೋರುವುದಿಲ್ಲ. 1923ರಲ್ಲಿ ಆ ದೇಶದ ನಾಣ್ಯ ಕುಸಿದು, ಅಂಚೆಚೀಟಿಗಳ ಮೇಲೆಯೇ ಕೋಟಿಗಟ್ಟಲೆ ಮಾರ್ಕುಗಳ ಮೇಲಚ್ಚು ಒತ್ತಬೇಕಾಗಿ ಬಂದಿತ್ತು. ಕಾಗದಕ್ಕೆ ಬೆಲೆ ತರುವುದು ನಂಬಿಕೆಯೊಂದೇ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ?

ನಕಲು ಕೈತಪ್ಪುತ್ತದೆ, ಅಸಲನ್ನೇ ಕೊಳ್ಳಬೇಕಾಗುತ್ತದೆ, ಮಾರ್ಕೋಸ್ ತನ್ನ ಗಂಟನ್ನು ಬಿಚ್ಚುತ್ತಾನೆ. ಆಗ ಧನಿಕ ಇನ್ನೊಂದು ಷರತ್ತು ಒಡ್ಡುತ್ತಾನೆ: ಮಾರ್ಕೋಸನ ತಂಗಿ ವಲೇರಿಯಾ ಒಂದು ರಾತ್ರಿ ತನ್ನೊಡನೆ ಕಳೆಯಬೇಕು. ಅಣ್ಣ ಹೇಸುವುದಿಲ್ಲ, ಕೇಳಿಯೇಬಿಡುತ್ತಾನೆ. ಅವಳು ಒಪ್ಪುತ್ತಾಳೆ, ಆದರೆ ಅವಳು ಕೇಳುವ ಬೆಲೆ ಬೇರೆ. ಮನೆತನದ ಆಸ್ತಿಯಲ್ಲಿ ಒಡಹುಟ್ಟಿದವರಿಗೆ ತಾನು ಹೇಗೆ ಪಂಗನಾಮ ಹಾಕಿದೆನೆಂಬುದನ್ನು, ಇನ್ನೂ ಅವನನ್ನೇ ಆದರ್ಶವೆಂದು ನಂಬಿರುವ ಕಿರಿಯ ತಮ್ಮ ಫೆದೆರಿಕೊನ ಎದುರು ಮಾರ್ಕೋಸ್ ತನ್ನ ಬಾಯಿಂದಲೇ ಹೇಳಬೇಕು.

ಹೇಳುತ್ತಾನೆ. ಚಿತ್ರದ ಜೀವ ಇಲ್ಲಿದೆ. ದಿನವಿಡೀ ನಾಲಗೆಯನ್ನೇ ಬಂಡವಾಳ ಮಾಡಿಕೊಂಡವನಿಗೆ ಒಂದು ನಿಜ ನುಡಿಯುವುದು ಎಷ್ಟು ದುಬಾರಿ! ಪಶ್ಚಾತ್ತಾಪದಿಂದಲ್ಲ, ದುಡ್ಡಿಗಾಗಿ ನುಡಿದ ನಿಜ ಅದು. ತಮ್ಮನ ಮುಖದಲ್ಲಿ ಏನೋ ಒಡೆಯುವುದನ್ನು ಕಂಡಾಗ ನಮಗೆ ನಗು ಬಾರದು.

ಮರುದಿನ ಚೆಕ್ಕು ಹಿಡಿದು ಓಡಿದರೆ ಬ್ಯಾಂಕು ಮುಳುಗಿದೆ. ಬಾಗಿಲೆದುರು ಜನ ಬೊಬ್ಬಿಡುತ್ತಿದ್ದಾರೆ. ಚಿತ್ರ ತೆರೆಕಂಡದ್ದು 2000ದಲ್ಲಿ. 1991ರಿಂದ ಒಂದು ಪೆಸೊ ಒಂದು ಡಾಲರಿಗೆ ಸಮವೆಂದು ಕಟ್ಟಿದ್ದ ಸೌಧ 2001ರ ಡಿಸೆಂಬರಿನಲ್ಲಿ ಬಿರಿದಾಗ, ಸರಕಾರ ಠೇವಣಿದಾರರಿಗೆ ವಾರಕ್ಕೆ 250 ಪೆಸೊ ಮಾತ್ರ ಎಂದು ಮಿತಿ ಹೇರಿತು. ಜನ ಪಾತ್ರೆ ಬಡಿಯುತ್ತ ಬೀದಿಗಿಳಿದರು. ಅದೇ ತಿಂಗಳ 20ರಂದು ಅಧ್ಯಕ್ಷ ದೆ ಲಾ ರುವಾ ರಾಜೀನಾಮೆಯಿತ್ತರು. ಬೀದಿಯ ಠಕ್ಕರಿಗೆ ಮಾರ್ಕೋಸ್ ಹೆಸರಿಟ್ಟಿದ್ದ. ಇವರಿಗೆ ಯಾವ ಹೆಸರಿಡುತ್ತಿದ್ದನೋ!

ಇನ್ನು ಗುಟ್ಟು. ಧನಿಕ, ನಕಲಿಗಾರ, ಚೀಟಿ ಮಾರಿದವಳು ಎಲ್ಲರೂ ಹ್ವಾನನ ಬಳಗವೇ. ಅವನು ವಲೇರಿಯಾಳ ಇನಿಯ. ಇಡೀ ದಿನವೇ ಮಾರ್ಕೋಸನಿಗಾಗಿ ಕಟ್ಟಿದ ನಾಟಕ. ಮೋಸದಿಂದ ದೊರಕಿಸಿದ ನ್ಯಾಯವನ್ನು ನ್ಯಾಯವೆನ್ನಬಹುದೆ? ವಲೇರಿಯಾ ಉತ್ತರಿಸುವುದಿಲ್ಲ, ನಾನೂ ಅವಳನ್ನು ದೂರಲಾರೆ. ಹ್ವಾನ್ ಚಿತ್ರದುದ್ದಕ್ಕೂ ರೀಟಾ ಪವೋನೆಯ ಹಳೆಯ ಇಟಾಲಿಯನ್ ಹಾಡೊಂದನ್ನು ನೆನಪಿಸಿಕೊಳ್ಳಲು ಹೆಣಗುತ್ತಿರುತ್ತಾನೆ. ಕಡೆಗೆ ಅದು ನೆನಪಾಗುತ್ತದೆ, ಹಾಡು ಮೊಳಗುತ್ತದೆ, ಚಿತ್ರ ಮುಗಿಯುತ್ತದೆ.