ನಮ್ಮ ಹಿಟ್ಟಿನ ಕತೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ‘ನಮ್ಮ ಭಾಗದ ಊಟ ತಿಂಡಿ’ ಎಂಬ ವಿಷಯ ಕೊಟ್ಟು ಹದಿನೈದು ನಿಮಿಷ ಮಾತಾಡಿ ಎಂದರು. ಊಟ ಎಂದ ಕೂಡಲೆ ಒಬ್ಬಟ್ಟು, ಕಜ್ಜಾಯ, ಹಿತಕಿದ ಅವರೆಬೇಳೆ ಸಾರು ಎಲ್ಲ ನೆನಪಾಗುತ್ತವೆ. ಆದರೆ ಅವು ಹಬ್ಬದ ದಿನದವು. ವರ್ಷದ ಉಳಿದ ಮುನ್ನೂರು ಚಿಲ್ಲರೆ ದಿನ ನಮ್ಮನ್ನು ಸಾಕಿದ್ದು ಹಿಟ್ಟು. ಪೇಟೆಯವರು ಮುದ್ದೆ ಎನ್ನುತ್ತಾರೆ. ನಮ್ಮಲ್ಲಿ ‘ಹಿಟ್ಟುಂಡ್ಯಾ?’ ಎಂದರೆ ಊಟ ಆಯಿತೇ ಎಂದೇ ಅರ್ಥ. ಹಾಗಾಗಿ ಅದೊಂದರ ವಿಷಯವೇ ಹೇಳುತ್ತೇನೆ.

ರಾಗಿ ನಮ್ಮ ಕೆಂಪು ಮಣ್ಣಿನಲ್ಲೇ ಹುಟ್ಟಿದ್ದು ಎಂದು ಬಹಳ ಜನ ತಿಳಿದಿದ್ದಾರೆ. ಅದರ ತವರು ಪೂರ್ವ ಆಫ್ರಿಕಾ. ಇಥಿಯೋಪಿಯಾ, ಉಗಾಂಡಗಳ ಎತ್ತರದ ಸೀಮೆಯ ಬೆಳೆ ಸಾವಿರಾರು ವರ್ಷಗಳ ಹಿಂದೆಯೇ ನಮ್ಮ ಕಡೆಗೆ ಬಂತು. ಇವತ್ತಿಗೂ ಉಗಾಂಡದಲ್ಲಿ ರಾಗಿ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಮರದ ಸಟ್ಟುಗದಲ್ಲಿ ತಿರುವಿ, ಗಟ್ಟಿ ಮಾಡಿ, ಕೈಯಲ್ಲಿ ಮುರಿದು ಸಾರಿಗೆ ಅದ್ದಿ ಉಣ್ಣುತ್ತಾರೆ. ಅವರೂ ನಾವೂ ಒಂದು ಲೆಕ್ಕಕ್ಕೆ ಬೀಗರೇ.

ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ನೀವೆಲ್ಲ ಕೇಳಿದ್ದೀರಿ. ನಾನು ದೊಡ್ಡವನೆಂದು ಭತ್ತ, ನಾನು ದೊಡ್ಡವನೆಂದು ರಾಗಿ ರಾಮನ ಮುಂದೆ ಜಗಳಕ್ಕೆ ಬೀಳುತ್ತವೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದರೆ ಭತ್ತ ಸೊರಗಿದೆ, ರಾಗಿ ಗಟ್ಟಿಯಾಗಿದೆ. ರಾಮ ತನ್ನ ರಾಘವ ಎಂಬ ಹೆಸರನ್ನೇ ರಾಗಿಗೆ ಕೊಡುತ್ತಾನೆ. ಮೇಲು ಕೀಳಿನ ವಿಚಾರವಾಗಿ ಇದರ ಬಗ್ಗೆ ಬೇಕಾದಷ್ಟು ಚರ್ಚೆ ಆಗಿದೆ. ರೈತನ ಮಗನಾಗಿ ನನಗೆ ಮೊದಲು ಕಾಣುವುದು ಆ ಸೆರೆಮನೆ. ರಾಗಿಯನ್ನು ಕತ್ತಲಲ್ಲಿ ಮುಚ್ಚಿಟ್ಟರೂ ಕೆಡುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡವರು ಕಟ್ಟಿದ ಕತೆ ಅದು.

ಮುಚ್ಚಿಡುತ್ತಿದ್ದ ಜಾಗವೇ ಹಗೇವು. ಮುಂದೆ ಕೂತಿರುವ ಮಕ್ಕಳು ನೋಡಿರಲಿಕ್ಕಿಲ್ಲ. ನಮ್ಮ ತಾತನ ಮನೆ ಮುಂದೆ ಒಂದಿತ್ತು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಗುಡಾಣದ ಹಾಗೆ ಅಗಲ. ತಳಕ್ಕೂ ಸುತ್ತಲಿಗೂ ಹುಲ್ಲು ಕೊಟ್ಟು, ಚೆನ್ನಾಗಿ ಒಣಗಿದ ರಾಗಿ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಕಡೆ ಹುಳು ಬದುಕುವುದಿಲ್ಲ. ಅದೇ ಕಾರಣಕ್ಕೆ ತೆಗೆದ ಕೂಡಲೆ ಮನುಷ್ಯರೂ ಇಳಿಯುವಂತಿಲ್ಲ. ಒಂದು ಹೊತ್ತು ಬಾಯಿ ತೆರೆದಿಟ್ಟು, ಹಗ್ಗಕ್ಕೆ ಬುಡ್ಡಿ ದೀಪ ಕಟ್ಟಿ ಕೆಳಕ್ಕೆ ಬಿಡುತ್ತಿದ್ದರು. ದೀಪ ಆರಿದರೆ ಇಳಿಯುವ ಮಾತಿಲ್ಲ. ವಿಜ್ಞಾನದ ಮೇಷ್ಟ್ರು ಇದೇ ಶಾಲೆಯಲ್ಲಿ ಇಂಗಾಲದ ಡೈಆಕ್ಸೈಡ್ ಪಾಠ ಮಾಡಿದಾಗ ನಮ್ಮಲ್ಲಿ ಅರ್ಧ ಜನಕ್ಕೆ ಅದು ಹೊಸ ವಿಷಯವಾಗಿರಲಿಲ್ಲ.

ಹಗೇವಿನ ರಾಗಿ ವರ್ಷಗಟ್ಟಲೆ ಇರುತ್ತಿತ್ತು. ಅದರ ಬೆಲೆ ಗೊತ್ತಾಗುತ್ತಿದ್ದುದು ಮಳೆ ಕೈಕೊಟ್ಟಾಗ. ಧಾತು ಈಶ್ವರ ಸಂವತ್ಸರಗಳ ಬರ ಎಂದರೆ 1876ರಿಂದ 78ರ ತನಕ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ಜನ ಇದ್ದರು, 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ನಮ್ಮಜ್ಜಿ ಆ ಬರ ಕಂಡವರಲ್ಲ, ಅವರ ಅಜ್ಜಿಯಿಂದ ಕೇಳಿದವರು. ಆದರೂ ಹಗೇವು ತೆಗೆಯುವ ದಿನ ಮೊದಲ ಮೊರ ರಾಗಿಗೆ ಕೈಮುಗಿಯದೆ ಬೀಸುಕಲ್ಲಿಗೆ ಹಾಕುತ್ತಿರಲಿಲ್ಲ.

ಇನ್ನು ಅಡುಗೆಮನೆ. ಹಿಟ್ಟು ಮಾಡಲು ಏನು ಮಹಾ, ನೀರು ಮತ್ತು ರಾಗಿ ಹಿಟ್ಟು ಅಷ್ಟೇ ಎನ್ನುವವರು ಒಂದು ಸಲ ಮಾಡಿ ನೋಡಬೇಕು. ನೀರು ಕುದಿಯುವ ಮೊದಲೇ ಒಂದು ಹಿಡಿ ಹಿಟ್ಟು ಕದಡಿ ಬಿಡಬೇಕು. ಉಕ್ಕಿ ಬಂದಾಗ ಉಳಿದದ್ದನ್ನು ಗುಡ್ಡೆಯಾಗಿ ನಡುವೆ ಸುರಿಯಬೇಕು, ಕಲಕಬಾರದು. ಕೋಲಿನಿಂದ ನಡುವೆ ತೂತು ಮಾಡಿ ಬೇಯಲು ಬಿಡಬೇಕು. ಬೆಂದಿತೆಂದು ನಮ್ಮವ್ವನಿಗೆ ಗೊತ್ತಾಗುತ್ತಿದ್ದುದು ವಾಸನೆಯಿಂದ. ಆಮೇಲೆ ಪಾತ್ರೆ ಇಳಿಸಿ, ಕಾಲಿನಿಂದ ಅದುಮಿ ಹಿಡಿದು, ಗಂಟು ಒಡೆಯುವ ತನಕ ತಿರುವಬೇಕು. ರಟ್ಟೆ ಸೋಲುವ ಕೆಲಸ.

ನಮ್ಮ ಮನೆಯಲ್ಲಿ ಇದರ ಮೇಲೊಂದು ವ್ಯಾಜ್ಯವಿತ್ತು. ಅವ್ವನ ತವರಲ್ಲಿ ಹಿಟ್ಟಿಗೆ ಅಕ್ಕಿ ನುಚ್ಚು ಹಾಕುತ್ತಿದ್ದರು. ಅಜ್ಜಿಗೆ ಅದು ಆಗದು. ‘ನುಚ್ಚು ಹಾಕೋದು ಹಿಟ್ಟು ಕೂಡೋಕೆ ಬರದವರು’ ಎನ್ನುತ್ತಿದ್ದರು. ಅಜ್ಜಿ ಊರಿಗೆ ಹೋದ ದಿನ ನಮಗೆ ನುಚ್ಚಿನ ಹಿಟ್ಟು, ಉಪ್ಪೆಸರು. ಅದರ ರುಚಿಯನ್ನು ಅಜ್ಜಿಯ ಎದುರು ಹೇಳುವ ಧೈರ್ಯ ಅಪ್ಪನಿಗೂ ಇರಲಿಲ್ಲ! ಉಳಿದ ಹಿಟ್ಟನ್ನು ರಾತ್ರಿ ನೀರಲ್ಲಿ ಹಾಕಿಟ್ಟು ಬೆಳಿಗ್ಗೆ ಮಜ್ಜಿಗೆ, ಈರುಳ್ಳಿ, ಉಪ್ಪು ಸೇರಿಸಿ ಕುಡಿದು ನಾವು ಶಾಲೆಗೆ ಬರುತ್ತಿದ್ದೆವು. ಇನ್ನೊಂದು ಮಾತನ್ನೂ ಹೇಳಬೇಕು. ನೇಗಿಲು ಹಿಡಿಯುವವರಿಗೆ ದೊಡ್ಡ ಮುದ್ದೆ, ಮಕ್ಕಳಿಗೆ ಅವರವರ ಕೈಯಳತೆಯದು. ತಿರುವಿದವರಿಗೆ ಎಷ್ಟೋ ದಿನ ತಳಕ್ಕೆ ಹತ್ತಿದ ಸೀಕು ಮಾತ್ರ. ಹಳೆಯ ಊಟವನ್ನು ಹೊಗಳುವಾಗ ಇದನ್ನು ಬಿಟ್ಟು ಹೊಗಳುವುದು ನನಗೆ ಸರಿಕಾಣುವುದಿಲ್ಲ.

ನಮ್ಮ ತಲೆಮಾರಿನ ಹೊಟ್ಟೆ ತುಂಬಿಸಿದವರಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿದ್ದ ವಿಜ್ಞಾನಿ ಲಕ್ಷ್ಮಣಯ್ಯನವರೂ ಒಬ್ಬರು. ರಾಗಿ ಹೂವು ಬರಿಗಣ್ಣಿಗೆ ಕಾಣುವುದೇ ಕಷ್ಟ, ಅಷ್ಟು ಸಣ್ಣದು. ತನ್ನಷ್ಟಕ್ಕೆ ತಾನೇ ಪರಾಗ ಕಟ್ಟಿಕೊಳ್ಳುವ ಆ ಹೂವನ್ನು ಪಳಗಿಸಿ ಅರುಣ, ಉದಯ, ಅನ್ನಪೂರ್ಣ, ಕಾವೇರಿ ತಳಿಗಳನ್ನು ತಂದರು. ಮುಂದೆ ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿದರು. ಅದೇ ಇಂಡಾಫ್, ಇಂಡಿಯಾ ಮತ್ತು ಆಫ್ರಿಕಾ ಸೇರಿದ ಹೆಸರು. ಕಣದಲ್ಲಿ ರಾಶಿ ದೊಡ್ಡದಾದದ್ದನ್ನು ಇಲ್ಲಿರುವ ಹಿರಿಯರು ನೋಡಿದ್ದಾರೆ. ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಜನ ಕರೆದರು.

ಈಗ ರಾಗಿಗೆ ಮರ್ಯಾದೆ ಬಂದಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದಿತು. 2024ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿದ್ದಾರೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೇಲೆ ಸುಣ್ಣದಂಶವಿದೆ, ಬೆಳೆಯುವ ಮಕ್ಕಳಿಗೆ ಒಳ್ಳೆಯದೇ. ಆದರೆ ಇವತ್ತಿನ ಊಟದ ಪಟ್ಟಿ ಮಾಡುವಾಗ ಏನಾಯಿತು ಎಂದು ಸಮಿತಿಯವರೇ ಹೇಳಿದರು. ದೊಡ್ಡವರು ಬರುವಾಗ ಹಿಟ್ಟು ಬಡಿಸುವುದೇ ಎಂದು ಕೆಲವರಿಗೆ ಸಂಕೋಚವಂತೆ. ಅದು ಹೇಗೋ ಬಗೆಹರಿಯಿತು. ಆಮೇಲೆ ಹಂಡೆ ಹಿಟ್ಟು ತಿರುವಬಲ್ಲವರನ್ನು ಹುಡುಕಿದರೆ ಊರಿಗೆಲ್ಲ ಸಿಕ್ಕವರು ಮೂವರು. ಮೂವರಿಗೂ ಅರವತ್ತು ದಾಟಿದೆ. ಹೊಲಗಳು ಅಡಿಕೆ, ನೀಲಗಿರಿಯಾದವು. ರಾಗಿಯ ನಡುವೆ ಅಕ್ಕಡಿ ಸಾಲು ಹಾಕುವುದೂ ನಿಂತಿತು. ಆ ಸಾಲುಗಳಿಂದಲೇ ಸಾರಿಗೆ ಅವರೆ ತೊಗರಿ, ಚಟ್ನಿಗೆ ಹುಚ್ಚೆಳ್ಳು ಬರುತ್ತಿದ್ದವು. ರಾಗಿ ಹುಲ್ಲು ತಿಂದ ಹಸುವಿನಿಂದ ಮಜ್ಜಿಗೆ. ಅಂಗಡಿಯಿಂದ ಬರುತ್ತಿದ್ದುದು ಉಪ್ಪೊಂದೇ ಎಂದರೂ ನಡೆದೀತು.

ಅದಕ್ಕೇ ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ. ಆಟದ ಮೈದಾನದ ಹಿಂದೆ ಶಾಲೆಯ ಜಾಗ ಹತ್ತು ಗುಂಟೆಯಷ್ಟು ಖಾಲಿ ಬಿದ್ದಿದೆ. ಮುಂಗಾರಿಗೆ ಅಲ್ಲಿ ಅಕ್ಕಡಿ ಸಮೇತ ರಾಗಿ ಹಾಕೋಣ. ಬಿತ್ತನೆ ಬೀಜ, ಗೊಬ್ಬರ ನಮ್ಮ ಬ್ಯಾಚಿನವರದು. ಕೂರಿಗೆ ಒಂದು ಮನೆಯ ಅಟ್ಟದಲ್ಲಿದೆ, ಕೇಳಿದ್ದೇನೆ, ಕೊಡುತ್ತೇನೆ ಎಂದಿದ್ದಾರೆ. ಸುಗ್ಗಿಯಲ್ಲಿ ಆ ಮೂವರು ತಾಯಂದಿರು ಬಂದು ಹಿಟ್ಟು ತಿರುವುವುದನ್ನು ಹೇಳಿಕೊಡಲು ಒಪ್ಪಿದ್ದಾರೆ. ಅವರದೊಂದು ಷರತ್ತಿದೆ: ಗಂಡು ಹುಡುಗರೂ ಕೋಲು ಹಿಡಿಯಬೇಕು. ಹೆಸರು ಕೊಡುವವರು ಸಭೆ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ, ಪುಸ್ತಕ ತಂದಿದ್ದೇನೆ.